‘ಎರಡು ಬಾಟಲಿ ರಕ್ತ’: ಒಂದು ಚೀಟಿಯಲ್ಲಿ ಅಡಗಿದ ಚರಿತ್ರೆ

ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದ ಮನೆಗಳಲ್ಲಿ ಇಂದಿಗೂ ಕೇಳಿಬರುವ ಮಾತೊಂದಿದೆ: ‘ಎರಡು ಬಾಟಲಿ ರಕ್ತ ಹೊಂದಿಸಿಕೊಳ್ಳಬೇಕಂತೆ.’ ಆಸ್ಪತ್ರೆಗಳಲ್ಲಿ ರಕ್ತವನ್ನು ಗಾಜಿನ ಬಾಟಲಿಗೆ ತುಂಬುವ ಪದ್ಧತಿ ನಿಂತು ದಶಕಗಳೇ ಕಳೆದಿವೆ. ಈಗ ಅದು ಬರುವುದು ಮೆತ್ತನೆಯ ಪ್ಲಾಸ್ಟಿಕ್ ಚೀಲದಲ್ಲಿ. ಆದರೂ ಬಾಟಲಿ ನಮ್ಮ ಮಾತಿನಿಂದ ಕದಲಿಲ್ಲ.

ಆ ಚೀಲಕ್ಕೆ ಅಂಟಿಸಿರುವ ಚೀಟಿ ನಿಧಾನವಾಗಿ ಓದಬೇಕಾದದ್ದು. ಭಾರತದ ನಿಯಮದಂತೆ ‘ಎ’ ಗುಂಪಿನ ಚೀಟಿ ಹಳದಿ, ‘ಬಿ’ ಗುಂಪಿನದು ಗುಲಾಬಿ, ‘ಓ’ ಗುಂಪಿನದು ನೀಲಿ, ‘ಎಬಿ’ ಗುಂಪಿನದು ಬಿಳಿ. ಗುಂಪಿನ ಪಕ್ಕದಲ್ಲಿ ಆರ್‌ಎಚ್ ಪಾಸಿಟಿವ್ ಅಥವಾ ನೆಗೆಟಿವ್ ಎಂಬ ಗುರುತು, ಹೆಪ್ಪುಗಟ್ಟದಂತೆ ಬೆರೆಸಿದ ದ್ರಾವಣದ ಹೆಸರು, ಸಂಗ್ರಹಿಸಿದ ದಿನ, ಅವಧಿ ಮುಗಿಯುವ ದಿನ, ಇಡಬೇಕಾದ ಉಷ್ಣತೆ, ಯಾವ ಸೋಂಕುಗಳಿಗೆ ಪರೀಕ್ಷೆಯಾಗಿದೆ ಎಂಬ ವಿವರ, ಇಷ್ಟೆಲ್ಲ ಅಲ್ಲಿರುತ್ತದೆ. ವೈದ್ಯರು ರಕ್ತಪೂರಣ ಎನ್ನುವ, ಜನ ‘ರಕ್ತ ಏರಿಸುವುದು’ ಎನ್ನುವ ಈ ಚಿಕಿತ್ಸೆಯ ಚರಿತ್ರೆಯೆಲ್ಲ ಆ ಅಂಗೈಯಗಲದ ಚೀಟಿಯಲ್ಲಿ ಸಾಲುಸಾಲಾಗಿ ಕೂತಿದೆ. ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಡುವ ಧೈರ್ಯ ವೈದ್ಯರಿಗೆ ಮುನ್ನೂರೈವತ್ತು ವರ್ಷಗಳ ಹಿಂದೆಯೇ ಬಂದಿತ್ತು, ಕೈಚಳಕವೂ ಇತ್ತು. ಇಲ್ಲದಿದ್ದದ್ದು ರಕ್ತವೆಂದರೇನು ಎಂಬ ತಿಳಿವಳಿಕೆ. ಅದು ಬಂದದ್ದು ಬಿಡಿಬಿಡಿಯಾಗಿ, ತಡವಾಗಿ, ಬಹಳ ಸಲ ಯಾರದೋ ಪ್ರಾಣ ಹೋದ ಮೇಲೆ.

ರಕ್ತವನ್ನು ಹೊರಗಿನಿಂದ ತುಂಬಬಹುದು ಎಂಬ ಯೋಚನೆ ಹುಟ್ಟಬೇಕಾದರೆ ಮೊದಲು ಅದು ದೇಹದಲ್ಲಿ ಸುತ್ತುತ್ತದೆ ಎಂಬುದು ಗೊತ್ತಾಗಬೇಕಿತ್ತು. ಗ್ರೀಕ್ ವೈದ್ಯ ಗೇಲನ್‌ನ ಕಾಲದಿಂದ ಯುರೋಪಿನಲ್ಲಿ ನಂಬಿಕೊಂಡು ಬಂದಿದ್ದ ಪ್ರಕಾರ, ಉಂಡ ಅನ್ನ ಯಕೃತ್ತಿನಲ್ಲಿ ರಕ್ತವಾಗಿ, ಕಾಲುವೆಯ ನೀರು ಹೊಲದಲ್ಲಿ ಇಂಗುವಂತೆ ಅಂಗಾಂಗಗಳಲ್ಲಿ ಇಂಗಿಹೋಗುತ್ತಿತ್ತು. ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಈ ನಂಬಿಕೆಯನ್ನು ಕಿತ್ತುಹಾಕಿದರು. ಹೃದಯ ಒಂದು ಗಂಟೆಯಲ್ಲಿ ನೂಕುವ ರಕ್ತವನ್ನು ಲೆಕ್ಕ ಹಾಕಿದರೆ ಅದು ಮನುಷ್ಯನ ತೂಕವನ್ನೇ ಮೀರುತ್ತದೆ. ಅಷ್ಟನ್ನು ಊಟದಿಂದ ತಯಾರಿಸುವುದು ಅಸಾಧ್ಯವಾದ್ದರಿಂದ ಅದೇ ರಕ್ತ ಮತ್ತೆ ಮತ್ತೆ ಸುತ್ತಿ ಬರುತ್ತಿರಬೇಕು ಎಂಬುದು ಅವರ ವಾದದ ತಿರುಳು. ಸುತ್ತುವ ದ್ರವಕ್ಕೆ ಒಂದು ಕಡೆ ಏನನ್ನಾದರೂ ಬೆರೆಸಿದರೆ ಅದು ಎಲ್ಲ ಕಡೆಗೂ ತಲುಪುತ್ತದೆ ಎಂಬುದು ಅದರಿಂದ ಹೊರಟ ಸಹಜವಾದ ಊಹೆ. 1660ರ ದಶಕದ ನಡುವೆ ಆಕ್ಸ್‌ಫರ್ಡಿನ ರಿಚರ್ಡ್ ಲೋವರ್ ಒಂದು ನಾಯಿಯ ಕೊರಳಿನ ಅಪಧಮನಿಯನ್ನು ಇನ್ನೊಂದು ನಾಯಿಯ ಅಭಿಧಮನಿಗೆ ಜೋಡಿಸಿ, ರಕ್ತ ಬಸಿದು ಸಾಯುವಂತಾಗಿದ್ದ ನಾಯಿಯನ್ನು ಬದುಕಿಸಿ ತೋರಿಸಿದರು.

ಆ ಸುದ್ದಿ ಪ್ಯಾರಿಸ್ಸಿಗೆ ತಲುಪಲು ತಡವಾಗಲಿಲ್ಲ. 1667ರ ಜೂನ್ 15ರಂದು ಜಾನ್ ಬಾಪ್ಟಿಸ್ಟ್ ಡೆನಿ ಎಂಬ ವೈದ್ಯರು ಜ್ವರದಿಂದ ನರಳುತ್ತಿದ್ದ ಹದಿನೈದರ ಆಸುಪಾಸಿನ ಹುಡುಗನೊಬ್ಬನಿಗೆ ಕುರಿಮರಿಯ ರಕ್ತ ಕೊಟ್ಟರು. ಆ ಹುಡುಗನಿಗೆ ಮೊದಲಿನ ವೈದ್ಯರು ಚಿಕಿತ್ಸೆಯ ಹೆಸರಿನಲ್ಲಿ ಇಪ್ಪತ್ತು ಸಲ ರಕ್ತ ತೆಗೆದಿದ್ದರು ಎಂಬುದನ್ನು ನೆನೆದರೆ, ಅವನಿಗಿದ್ದ ಕಾಯಿಲೆ ಯಾವುದು ಎಂದು ಕೇಳಬೇಕೆನಿಸುತ್ತದೆ. ಹುಡುಗ ಚೇತರಿಸಿಕೊಂಡ. ಕುರಿಮರಿಯನ್ನೇ ಆರಿಸಿದ್ದಕ್ಕೆ ಆ ಕಾಲದ ತರ್ಕವಿತ್ತು: ಮನುಷ್ಯನ ರಕ್ತ ಕುಡಿತ, ಕೋಪ, ಚಿಂತೆಗಳಿಂದ ಕೆಟ್ಟಿರುತ್ತದೆ, ಸಾಧುಪ್ರಾಣಿಯ ರಕ್ತ ನಿರ್ಮಲವಾಗಿರುತ್ತದೆ. ಅದೇ ವರ್ಷದ ನವೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಲೋವರ್ ಮತ್ತು ಎಡ್ಮಂಡ್ ಕಿಂಗ್ ಸೇರಿ ಆರ್ಥರ್ ಕೋಗ ಎಂಬಾತನಿಗೆ ಕುರಿಯ ರಕ್ತ ಹಾಯಿಸಿದರು. ಅದಕ್ಕಾಗಿ ಆತನಿಗೆ ಸಿಕ್ಕಿದ್ದು ಇಪ್ಪತ್ತು ಶಿಲ್ಲಿಂಗ್. ಆತನೂ ಬದುಕಿದ. ಈ ಇಬ್ಬರೂ ಉಳಿದದ್ದಕ್ಕೆ ಕಾರಣ ಬಹುಶಃ ಸರಳವಾದದ್ದು: ನಳಿಕೆಯಲ್ಲೇ ರಕ್ತ ಹೆಪ್ಪುಗಟ್ಟಿ, ದೇಹಕ್ಕೆ ಸೇರಿದ್ದು ವೈದ್ಯರು ಎಣಿಸಿದ್ದಕ್ಕಿಂತ ತೀರ ಕಡಿಮೆ.

ಆಂಟ್ವಾನ್ ಮೊರ್ವಾ ಎಂಬ ರೋಗಿಗೆ ಆ ಅದೃಷ್ಟವಿರಲಿಲ್ಲ. ಬುದ್ಧಿಭ್ರಮಣೆಯಾಗಿ ಬೀದಿಗಳಲ್ಲಿ ಅಲೆಯುತ್ತಿದ್ದ ಆತನನ್ನು ಶಾಂತಗೊಳಿಸಲು ಡೆನಿ 1667ರ ಡಿಸೆಂಬರಿನಲ್ಲಿ ಕರುವಿನ ರಕ್ತ ಕೊಟ್ಟರು. ಮೊದಲ ಸಲ ಹೆಚ್ಚೇನೂ ಆಗಲಿಲ್ಲ. ಎರಡನೆಯ ಸಲ ರಕ್ತ ಒಳಹೊಕ್ಕ ತೋಳು ಬಿಸಿಯೇರಿತು, ನಾಡಿ ಓಡತೊಡಗಿತು, ಮೈ ಬೆವರಿತು, ಸೊಂಟದ ಎರಡೂ ಪಕ್ಕ ತಡೆಯಲಾರದ ನೋವು ಬಂದು ವಾಂತಿಯಾಯಿತು; ಮರುದಿನ ಹೋದ ಮೂತ್ರ ಹೊಗೆಗೂಡಿನ ಮಸಿ ಕಲಸಿದಂತೆ ಕಪ್ಪಾಗಿತ್ತು. ಡೆನಿ ಇದೆಲ್ಲವನ್ನೂ ಪ್ರಾಮಾಣಿಕವಾಗಿ ಬರೆದಿಟ್ಟರು. ಕಾಯಿಲೆಯ ಕಲ್ಮಷ ಹೊರಬೀಳುತ್ತಿದೆ ಎಂದು ಅರ್ಥಮಾಡಿಕೊಂಡರು. ಹೊಂದದ ರಕ್ತ ಮೈಯೊಳಗೆ ಒಡೆಯುವಾಗ ಏನಾಗುತ್ತದೆ ಎಂಬುದರ ಮೊದಲ ವೈದ್ಯಕೀಯ ವರ್ಣನೆ ಅದು ಎಂದು ಇಂದು ನಮಗೆ ಗೊತ್ತು, ಬರೆದವರಿಗೇ ಗೊತ್ತಿರಲಿಲ್ಲ. ಕೆಲವು ವಾರಗಳ ನಂತರ, ಹೆಂಡತಿಯ ಒತ್ತಾಯದ ಮೇಲೆ ಮೂರನೆಯ ಪ್ರಯತ್ನಕ್ಕೆ ಕೈಹಾಕಿದಾಗ ಮೊರ್ವಾ ಸತ್ತ. ಮೊಕದ್ದಮೆ ನಡೆಯಿತು. ಹೆಂಡತಿ ಆತನಿಗೆ ವಿಷವಿಕ್ಕಿದ್ದಳೆಂದು ನ್ಯಾಯಾಲಯ ಕಂಡುಕೊಂಡು 1668ರ ಏಪ್ರಿಲಿನಲ್ಲಿ ಡೆನಿಯವರನ್ನು ಬಿಟ್ಟಿತು. ಆದರೆ ಮುಂದೆ ಯಾರಾದರೂ ರಕ್ತ ಕೊಡಬೇಕಾದರೆ ಪ್ಯಾರಿಸ್ಸಿನ ವೈದ್ಯಕೀಯ ವಿದ್ಯಾಪೀಠದ ಒಪ್ಪಿಗೆ ಪಡೆಯಬೇಕೆಂದು ವಿಧಿಸಿತು. ಈ ಚಿಕಿತ್ಸೆಯನ್ನು ಮೊದಲಿನಿಂದಲೂ ವಿರೋಧಿಸಿಕೊಂಡು ಬಂದವರೇ ಆ ಪೀಠದಲ್ಲಿ ಕೂತಿದ್ದರಾದ್ದರಿಂದ ಬಾಗಿಲು ಮುಚ್ಚಿದಂತೆಯೇ ಆಯಿತು, ಇಂಗ್ಲೆಂಡಿನಲ್ಲಿಯೂ ಉತ್ಸಾಹ ಆರಿತು. ಆಮೇಲೆ ಸುಮಾರು ನೂರೈವತ್ತು ವರ್ಷ ವೈದ್ಯರು ರಕ್ತವನ್ನು ಹೊರತೆಗೆಯುವುದರಲ್ಲೇ ನಿರತರಾಗಿದ್ದರು.

ಆ ಬಾಗಿಲನ್ನು ಮತ್ತೆ ತೆರೆಸಿದ್ದು ಬಾಣಂತಿಯರ ಸಾವು. ಲಂಡನ್ನಿನ ಪ್ರಸೂತಿ ವೈದ್ಯ ಜೇಮ್ಸ್ ಬ್ಲಂಡೆಲ್, ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದೆ ಹೆಂಗಸರು ಕಣ್ಣೆದುರಿಗೇ ತೀರಿಹೋಗುವುದನ್ನು ಕಂಡು, ಕಳೆದುಹೋದದ್ದನ್ನು ತುಂಬುವುದೊಂದೇ ಇದಕ್ಕೆ ಉಪಾಯವೆಂದು ನಿಶ್ಚಯಿಸಿದರು. ಡೆನಿಗೆ ರಕ್ತ ಸ್ವಭಾವ ತಿದ್ದುವ ಔಷಧಿಯಾಗಿತ್ತು, ಬ್ಲಂಡೆಲ್‌ಗೆ ಅದು ಖಾಲಿಯಾದ ಪಾತ್ರೆಗೆ ತುಂಬಬೇಕಾದ ದ್ರವ. ಇಡೀ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲವೆಂದು ನನಗೆ ಅನ್ನಿಸುತ್ತದೆ. ನಾಯಿಗೆ ಬೇರೆ ಪ್ರಾಣಿಯ ರಕ್ತ ಕೊಟ್ಟರೆ ಅದು ಸಾಯುತ್ತದೆ ಎಂಬುದನ್ನು ಪ್ರಯೋಗದಿಂದ ತಿಳಿದು, ಮನುಷ್ಯರಿಗೆ ಮನುಷ್ಯರ ರಕ್ತವನ್ನೇ ಕೊಡಬೇಕೆಂದು ಅವರು ಪಟ್ಟುಹಿಡಿದರು. 1818ರ ಡಿಸೆಂಬರಿನಲ್ಲಿ ಹೊಟ್ಟೆಯ ಕ್ಯಾನ್ಸರಿನಿಂದ ಸಾಯುತ್ತಿದ್ದವನಿಗೆ ಪಿಚಕಾರಿಯಿಂದ ಸ್ವಲ್ಪಸ್ವಲ್ಪವಾಗಿ ರಕ್ತ ಏರಿಸಿದರು. ಆತ ಒಂದಿಷ್ಟು ಚೇತರಿಸಿಕೊಂಡು ಎರಡು ದಿನಗಳ ಮೇಲೆ ತೀರಿಕೊಂಡ. ಮುಂದಿನ ಹನ್ನೊಂದು ವರ್ಷಗಳಲ್ಲಿ ಬ್ಲಂಡೆಲ್ ನಡೆಸಿದ ಸುಮಾರು ಹತ್ತು ಪ್ರಯತ್ನಗಳಲ್ಲಿ ಅರ್ಧದಷ್ಟು ಫಲಿಸಿದವು.

ಆ ‘ಅರ್ಧದಷ್ಟು’ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಬ್ರಿಟನ್ನಿನ ಜನರಲ್ಲಿ ರಕ್ತದ ಗುಂಪುಗಳು ಹಂಚಿಹೋಗಿರುವ ಪ್ರಮಾಣವನ್ನು ಹಿಡಿದು ಲೆಕ್ಕ ಹಾಕಿದರೆ, ಯಾವುದೇ ಪರೀಕ್ಷೆಯಿಲ್ಲದೆ ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಟ್ಟಾಗ ಅದು ಹೊಂದುವ ಸಾಧ್ಯತೆ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು. ‘ಬಿ’ ಗುಂಪಿನವರು ಹೆಚ್ಚಾಗಿರುವ ನಮ್ಮಂಥ ಸಮಾಜದಲ್ಲಿ ಅದು ಇನ್ನೂ ಕಡಿಮೆ. ಕುರುಡು ಜೂಜಿನಲ್ಲಿ ಇದು ಅಪಾಯಕಾರಿಯಾದ ಗೆಲುವು. ಎಲ್ಲರೂ ಸತ್ತಿದ್ದರೆ ವೈದ್ಯರು ಕೈಬಿಡುತ್ತಿದ್ದರು, ಎಲ್ಲರೂ ಉಳಿದಿದ್ದರೆ ಪ್ರಶ್ನೆಯೇ ಏಳುತ್ತಿರಲಿಲ್ಲ. ಬಹಳ ಮಂದಿ ಉಳಿದು ಕೆಲವರು ಸಾಯುತ್ತಿದ್ದುದರಿಂದ, ಸಾವಿಗೆ ಕಾರಣ ರೋಗವೋ, ನಿಶ್ಶಕ್ತಿಯೋ, ನಳಿಕೆಯೋ, ಗಾಳಿಗುಳ್ಳೆಯೋ ಎಂದು ವಾದಿಸುತ್ತಲೇ ಹತ್ತೊಂಬತ್ತನೆಯ ಶತಮಾನ ಕಳೆಯಿತು. ನಡುವೆ ಅಮೆರಿಕದ ಕೆಲವು ವೈದ್ಯರು ಹಸುವಿನ ಹಾಲನ್ನೇ ರಕ್ತನಾಳಕ್ಕೆ ಹರಿಸಿ ನೋಡಿದ್ದೂ ಉಂಟು. 1880ರ ದಶಕದಲ್ಲಿ ಉಪ್ಪುನೀರಿನ ದ್ರಾವಣ ಬಂದು, ಇಷ್ಟೆಲ್ಲ ಪಾಡು ಏಕೆ ಎಂದು ಬಹುಪಾಲು ವೈದ್ಯರು ರಕ್ತದ ಗೋಜನ್ನೇ ಬಿಟ್ಟರು.

ಆಗ ವಿಯೆನ್ನಾದಲ್ಲಿ, ರೋಗಿಗಳ ಹಾಸಿಗೆಯಿಂದ ದೂರದ ಪ್ರಯೋಗಾಲಯದಲ್ಲಿ, ಮೂವತ್ತೆರಡು ವರ್ಷದ ಕಾರ್ಲ್ ಲ್ಯಾಂಡ್‌ಸ್ಟೈನರ್ ಬಹಳ ಅಗ್ಗದ ಪ್ರಯೋಗವೊಂದನ್ನು ಮಾಡಿದರು. ತಮ್ಮನ್ನೂ ಸೇರಿಸಿಕೊಂಡು ಆರು ಮಂದಿ ಸಹೋದ್ಯೋಗಿಗಳ ರಕ್ತ ತೆಗೆದು, ಕೆಂಪು ಕಣಗಳನ್ನೂ ತಿಳಿಯಾದ ದ್ರವಭಾಗವಾದ ಸೀರಮ್ಮನ್ನೂ ಬೇರ್ಪಡಿಸಿ, ಪ್ರತಿಯೊಬ್ಬರ ಕಣಗಳನ್ನು ಪ್ರತಿಯೊಬ್ಬರ ಸೀರಮ್ಮಿನೊಂದಿಗೆ ಬೆರೆಸಿ ನೋಡಿದರು. ಆರು ಸಾಲು, ಆರು ಕಂಬಸಾಲು, ಮೂವತ್ತಾರು ಮನೆಗಳ ಕೋಷ್ಟಕ. ಕೆಲವು ಮನೆಗಳಲ್ಲಿ ಕಣಗಳು ಒಡೆದ ಹಾಲಿನಂತೆ ಗಡ್ಡೆಗಟ್ಟಿದವು, ಕೆಲವುಗಳಲ್ಲಿ ಹಾಗೆಯೇ ತೇಲುತ್ತಿದ್ದವು. ಯಾರ ಕಣವೂ ತಮ್ಮದೇ ಸೀರಮ್ಮಿನಲ್ಲಿ ಗಡ್ಡೆಗಟ್ಟಲಿಲ್ಲ. ಗಡ್ಡೆಗಟ್ಟಿದ ಮನೆಗಳಲ್ಲಿ ಒಂದು ಕ್ರಮವಿತ್ತು; ಆ ಕ್ರಮವನ್ನು ಹಿಡಿದು ಅವರು 1901ರಲ್ಲಿ ಮನುಷ್ಯರ ರಕ್ತವನ್ನು ಎ, ಬಿ, ಸಿ ಎಂದು ಮೂರು ಗುಂಪು ಮಾಡಿದರು. ಆ ‘ಸಿ’ಯೇ ಮುಂದೆ ‘ಓ’ ಆಯಿತು. ಮರುವರ್ಷ ಅವರ ಜೊತೆಗಾರರು ‘ಎಬಿ’ ಗುಂಪನ್ನು ಗುರುತಿಸಿದರು. ಆರೇ ಜನರಲ್ಲಿ ಅಪರೂಪದ ಎಬಿಯವರು ಯಾರೂ ಇರದಿದ್ದುದು ಆಶ್ಚರ್ಯವೇನಲ್ಲ.

ಇದು ಆಗುವುದು ಹೇಗೆ? ಕೆಂಪು ಕಣದ ಮೈಮೇಲೆ ಸಕ್ಕರೆಯ ಅಣುಗಳು ಪೋಣಿಸಿದ ಸರಗಳು ಜೋತಾಡುತ್ತಿರುತ್ತವೆ ಎಂದುಕೊಳ್ಳಿ. ಆ ಸರ ‘ಎಚ್’ ಎಂಬ ರೂಪಕ್ಕೆ ಬಂದು ನಿಂತರೆ ಆ ವ್ಯಕ್ತಿಯ ಗುಂಪು ಓ. ಅದರ ತುದಿಗೆ ಒಂದು ಬಗೆಯ ಮಣಿ ಸೇರಿದರೆ ಎ, ಇನ್ನೊಂದು ಬಗೆಯದು ಸೇರಿದರೆ ಬಿ, ಕೆಲವು ಸರಗಳಿಗೆ ಅದು, ಕೆಲವಕ್ಕೆ ಇದು ಸೇರಿದರೆ ಎಬಿ. ಇಂಥವೇ ಸಕ್ಕರೆಗಳು ನಮ್ಮ ಕರುಳಿನ ಬ್ಯಾಕ್ಟೀರಿಯಾಗಳ ಮೈಮೇಲೂ ಇರುವುದರಿಂದ, ಮಗು ಹುಟ್ಟಿದ ಕೆಲವು ತಿಂಗಳಲ್ಲೇ ದೇಹ ತನ್ನಲ್ಲಿಲ್ಲದ ಮಣಿಯ ವಿರುದ್ಧ ಪ್ರತಿಕಾಯಗಳನ್ನು ಸಿದ್ಧಮಾಡಿ ಇಟ್ಟುಕೊಳ್ಳುತ್ತದೆ. ಬೇರೆಯವರ ರಕ್ತವನ್ನು ಎಂದೂ ಪಡೆಯದಿದ್ದರೂ ‘ಎ’ ಗುಂಪಿನವರ ಮೈಯಲ್ಲಿ ‘ಬಿ’ ಮಣಿಯ ವಿರುದ್ಧ ಕಾವಲು ಇದ್ದೇ ಇರುತ್ತದೆ. ತಪ್ಪು ರಕ್ತ ಒಳಬಂದರೆ ಪ್ರತಿಕಾಯಗಳು ಆ ಕಣಗಳಿಗೆ ಅಂಟಿಕೊಂಡು, ರಕ್ತದಲ್ಲೇ ಇರುವ ಸಂಹಾರಕ ಪ್ರೋಟೀನುಗಳನ್ನು ಎಬ್ಬಿಸಿ, ನಿಮಿಷಗಳಲ್ಲಿ ಕಣಗಳನ್ನು ಒಡೆಯುತ್ತವೆ. ಚೆಲ್ಲಿದ ಹಿಮೋಗ್ಲೋಬಿನ್ ಮೂತ್ರವನ್ನು ಕಪ್ಪಾಗಿಸುತ್ತದೆ, ಮೂತ್ರಪಿಂಡಗಳು ಕೆಲಸ ನಿಲ್ಲಿಸಬಹುದು. ಮೊರ್ವಾನ ಮೂತ್ರದ ಮಸಿಬಣ್ಣಕ್ಕೆ ವಿವರಣೆ ಸಿಗಲು ಇನ್ನೂರಕ್ಕೂ ಹೆಚ್ಚು ವರ್ಷ ಬೇಕಾದವು.

ನಮ್ಮ ಮಾತಿನ ‘ರಕ್ತಸಂಬಂಧ’ಕ್ಕೆ ಈ ಸಂಬಂಧದಲ್ಲಿ ಬೆಲೆಯಿಲ್ಲ. ತಂದೆ ಎ, ತಾಯಿ ಬಿ ಆಗಿದ್ದರೆ ಮಕ್ಕಳು ನಾಲ್ಕು ಗುಂಪಿನಲ್ಲಿ ಯಾವುದಕ್ಕಾದರೂ ಸೇರಬಹುದು. ಒಡಹುಟ್ಟಿದವನ ರಕ್ತ ಹೊಂದದೆ, ಹೆಸರೂ ಗೊತ್ತಿಲ್ಲದವನದು ಹೊಂದಬಹುದು. ಅಷ್ಟೇ ಅಲ್ಲ, ಹತ್ತಿರದ ಬಂಧುಗಳ ರಕ್ತದಲ್ಲಿರುವ ಬಿಳಿ ಕಣಗಳನ್ನು ರೋಗಿಯ ದೇಹ ಪರಕೀಯವೆಂದು ಗುರುತಿಸದೆ ಬಿಟ್ಟುಬಿಟ್ಟರೆ, ಅವು ಅಲ್ಲೇ ಬೇರೂರಿ ರೋಗಿಯ ಮೇಲೆಯೇ ತಿರುಗಿಬೀಳುವ ಅಪರೂಪದ, ಆದರೆ ಮಾರಕವಾದ ಸ್ಥಿತಿಯೊಂದುಂಟು. ಅದಕ್ಕೇ ಬಂಧುಗಳ ರಕ್ತವನ್ನು ಕೊಡಲೇಬೇಕಾದಾಗ ಮೊದಲು ವಿಕಿರಣಕ್ಕೆ ಒಡ್ಡುತ್ತಾರೆ.

ಇದೇ ಸರಮಣಿಗಳ ಕಥೆಯಲ್ಲಿ ಮುಂಬಯಿಗೆ ಒಂದು ಅಧ್ಯಾಯವಿದೆ. 1952ರಲ್ಲಿ ವೈ. ಎಂ. ಭೆಂಡೆ ಮತ್ತು ಸಂಗಡಿಗರು ಅಲ್ಲಿನ ಕೆಲವರ ರಕ್ತದಲ್ಲಿ ವಿಚಿತ್ರವೊಂದನ್ನು ಕಂಡರು: ಮೇಲ್ನೋಟಕ್ಕೆ ‘ಓ’ ಗುಂಪಿನಂತೆ ಕಂಡರೂ ‘ಓ’ ರಕ್ತವೂ ಅವರಿಗೆ ಹೊಂದುತ್ತಿರಲಿಲ್ಲ. ಅವರ ಸರದಲ್ಲಿ ‘ಎಚ್’ ರೂಪವೇ ಪೂರ್ತಿಯಾಗಿರುವುದಿಲ್ಲ. ಎಲ್ಲರ ರಕ್ತದಲ್ಲೂ ಇರುವ ‘ಎಚ್’ ಅವರಿಗೆ ಪರಕೀಯ. ‘ಬಾಂಬೆ ಗುಂಪು’ ಎಂದು ಪ್ರಸಿದ್ಧವಾದ ಇವರಿಗೆ ಬಾಂಬೆ ಗುಂಪಿನವರೇ ರಕ್ತ ಕೊಡಬೇಕು. ಭಾರತದಲ್ಲಿ ಸುಮಾರು ಹತ್ತು ಸಾವಿರ ಜನರಲ್ಲಿ ಒಬ್ಬರು ಈ ಗುಂಪಿನವರೆಂದು ಅಂದಾಜು. ಬರೀ ಕಣಗಳನ್ನು ಪರೀಕ್ಷಿಸಿದರೆ ಇವರು ‘ಓ’ ಎಂದೇ ದಾಖಲಾಗುವ ಅಪಾಯವಿದೆ. ಆದ್ದರಿಂದಲೇ ಪ್ರಯೋಗಾಲಯದಲ್ಲಿ ಕಣ ಮತ್ತು ಸೀರಮ್ ಎರಡನ್ನೂ ಪರೀಕ್ಷಿಸಿ, ಕೊನೆಗೆ ದಾನಿಯ ಕಣಗಳನ್ನು ರೋಗಿಯ ಸೀರಮ್ಮಿನೊಂದಿಗೆ ನೇರವಾಗಿ ಬೆರೆಸಿ ನೋಡುವ ‘ಕ್ರಾಸ್‌ಮ್ಯಾಚ್’ ಮಾಡುತ್ತಾರೆ. ‘ಕ್ರಾಸ್‌ಮ್ಯಾಚಿಗೆ ಸ್ಯಾಂಪಲ್ ಕೊಟ್ಟು ಬನ್ನಿ’ ಎಂದು ವಾರ್ಡಿನಲ್ಲಿ ಹೇಳುವುದು ಇದಕ್ಕೇ. ವಿಯೆನ್ನಾದ ಮೂವತ್ತಾರು ಮನೆಗಳಲ್ಲಿ ಒಂದು ಮನೆಯನ್ನು ಪ್ರತಿ ರೋಗಿಗೂ ಮತ್ತೆ ತುಂಬಿದಂತೆ ಅದು.

ಲ್ಯಾಂಡ್‌ಸ್ಟೈನರ್‌ಗೆ ನೊಬೆಲ್ ಪುರಸ್ಕಾರ ಬಂದದ್ದು 1930ರಲ್ಲಿ. ತಮ್ಮ ಶೋಧ ರಕ್ತಪೂರಣಕ್ಕೆ ಉಪಯೋಗವಾದೀತು ಎಂದು ಅವರೇ 1901ರ ಲೇಖನದಲ್ಲಿ ಸೂಚಿಸಿದ್ದರೂ ಶಸ್ತ್ರವೈದ್ಯರು ಗಮನಿಸಿರಲಿಲ್ಲ. ನ್ಯೂಯಾರ್ಕಿನ ರೂಬೆನ್ ಆಟನ್‌ಬರ್ಗ್ 1907ರಲ್ಲಿ ರಕ್ತ ಕೊಡುವ ಮೊದಲು ಹೊಂದಿಕೆ ನೋಡುವ ಕ್ರಮವನ್ನು ಶುರುಮಾಡಿದಾಗಲೂ ಬಹಳ ಮಂದಿಗೆ ಅದು ಪ್ರಯೋಗಾಲಯದವರ ಅತಿಯಾದ ಮಡಿಯಾಗಿ ಕಂಡಿತು. ಶಸ್ತ್ರವೈದ್ಯರ ತಲೆ ತಿನ್ನುತ್ತಿದ್ದ ಸಮಸ್ಯೆಯೇ ಬೇರೆ. ಹೊರಬಂದ ರಕ್ತ ಐದಾರು ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ಅದಕ್ಕೆ ಶಸ್ತ್ರವೈದ್ಯರು ಕಂಡುಕೊಂಡ ಉತ್ತರ ರಕ್ತವನ್ನು ಹೊರಗೇ ತರದಿರುವುದು. 1908ರಲ್ಲಿ ಅಲೆಕ್ಸಿ ಕ್ಯಾರೆಲ್ ನ್ಯೂಯಾರ್ಕಿನ ಮನೆಯೊಂದರಲ್ಲಿ, ರಕ್ತಸ್ರಾವದಿಂದ ಸಾಯುತ್ತಿದ್ದ ಹಸುಗೂಸಿನ ಕಾಲಿನ ಅಭಿಧಮನಿಗೆ ತಂದೆಯ ಮಣಿಕಟ್ಟಿನ ಅಪಧಮನಿಯನ್ನು ಹೊಲಿದು ಸೇರಿಸಿದರು. ಬಿಳುಚಿದ್ದ ಮಗು ಕಣ್ಣೆದುರಿಗೇ ಕೆಂಪಾಯಿತು, ಬದುಕಿತು. ಅದ್ಭುತವಾದ ಕೈಚಳಕ, ಸಂದೇಹವಿಲ್ಲ. ಆದರೆ ಪ್ರತಿ ಸಲವೂ ದಾನಿಯ ಒಂದು ರಕ್ತನಾಳ ಬಲಿಯಾಗುತ್ತಿತ್ತು, ಹೋದ ರಕ್ತ ಎಷ್ಟೆಂದು ಅಳೆಯಲು ಬರುತ್ತಿರಲಿಲ್ಲ, ಇಂಥ ಹೊಲಿಗೆ ಹಾಕಬಲ್ಲವರು ಬೆರಳೆಣಿಕೆಯಷ್ಟು. ಇದು ಎಲ್ಲ ಆಸ್ಪತ್ರೆಗಳಿಗೆ ಹರಡುವಂಥ ವಿದ್ಯೆಯಾಗಿರಲಿಲ್ಲ.

ಉತ್ತರ ಬಂದದ್ದು ನಿಂಬೆಹಣ್ಣಿನ ಹುಳಿಯ ಬಂಧುವಿನಿಂದ. ರಕ್ತ ಹೆಪ್ಪುಗಟ್ಟುವ ಕ್ರಿಯೆ ಒಂದರ ಹಿಂದೊಂದು ಬೀಳುವ ಸಾಲು ಇಟ್ಟಿಗೆಗಳಂತೆ ಮುಂದುವರಿಯುತ್ತದೆ. ಆ ಸಾಲಿನ ಹಲವು ಹಂತಗಳಲ್ಲಿ ಕ್ಯಾಲ್ಸಿಯಂ ಇರಲೇಬೇಕು. ಸಿಟ್ರಿಕ್ ಆಮ್ಲದಿಂದ ಬರುವ ಸೋಡಿಯಂ ಸಿಟ್ರೇಟ್ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಂಡುಬಿಡುತ್ತದೆ, ಸಾಲು ಅಲ್ಲಿಗೇ ನಿಲ್ಲುತ್ತದೆ. ಪ್ರಯೋಗಾಲಯದ ಗಾಜಿನ ನಳಿಕೆಗಳಲ್ಲಿ ಇದು ಮೊದಲೇ ಬಳಕೆಯಲ್ಲಿತ್ತು. ಮನುಷ್ಯರಿಗೆ ಕೊಟ್ಟರೆ ವಿಷವಾದೀತೆಂಬ ಭಯವಿತ್ತು. 1914ರಲ್ಲಿ ಬ್ರಸೆಲ್ಸಿನ ಆಲ್ಬರ್ಟ್ ಹಸ್ಟಿನ್, ಬ್ಯೂನಸ್ ಐರಿಸ್‌ನ ಲೂಯಿಸ್ ಅಗೋಟೆ ಬೇರೆಬೇರೆಯಾಗಿ ಧೈರ್ಯ ಮಾಡಿದರು. ಮರುವರ್ಷ ನ್ಯೂಯಾರ್ಕಿನ ರಿಚರ್ಡ್ ಲೂಯಿಸನ್ ತಾಳ್ಮೆಯಿಂದ ಪ್ರಮಾಣವನ್ನು ಅಳೆದು, ನೂರಕ್ಕೆ 0.2ರಷ್ಟು ಸಿಟ್ರೇಟ್ ಬೆರೆಸಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ, ರೋಗಿಗೂ ಅಪಾಯವಿಲ್ಲ ಎಂದು ತೋರಿಸಿಕೊಟ್ಟರು. ಒಳಹೋದ ಸಿಟ್ರೇಟನ್ನು ಯಕೃತ್ತು ಬೇಗನೆ ಕರಗಿಸಿಬಿಡುತ್ತದೆ. 1916ರಲ್ಲಿ ಪೇಟನ್ ರೌಸ್ ಮತ್ತು ಜೆ. ಆರ್. ಟರ್ನರ್ ಅದಕ್ಕೆ ಗ್ಲೂಕೋಸ್ ಸೇರಿಸಿದರು. ಚೀಲದೊಳಗಿದ್ದರೂ ಕೆಂಪು ಕಣ ಜೀವಂತವೇ, ಅದಕ್ಕೂ ಹೊಟ್ಟೆಗೆ ಬೇಕು. ಇಂದಿನ ಚೀಟಿಯಲ್ಲಿ ‘ಸಿಪಿಡಿಎ’ ಎಂಬ ಒಗಟಿನಂಥ ಅಕ್ಷರಗಳಿರುತ್ತವಲ್ಲ, ಅವು ಸಿಟ್ರೇಟ್, ಫಾಸ್ಫೇಟ್, ಡೆಕ್ಸ್‌ಟ್ರೋಸ್, ಅಡೆನಿನ್ ಎಂಬುವುಗಳ ಮೊದಲಕ್ಷರಗಳು. ಆ ದ್ರಾವಣದಲ್ಲಿ, 2ರಿಂದ 6 ಡಿಗ್ರಿ ಉಷ್ಣತೆಯಲ್ಲಿ ರಕ್ತ 35 ದಿನ ಬಾಳುತ್ತದೆ.

ಕೆಡದಂತೆ ಇಡಲು ಬಂದ ಮೇಲೆ ದಾನಿಯೂ ರೋಗಿಯೂ ಪಕ್ಕಪಕ್ಕದಲ್ಲಿ ಮಲಗಬೇಕಾದ ಅಗತ್ಯ ತಪ್ಪಿತು. ಇದನ್ನು ಮೊದಲು ಬಳಸಿಕೊಂಡದ್ದು ಯುದ್ಧ. 1917ರಲ್ಲಿ ಆಸ್ವಾಲ್ಡ್ ರಾಬರ್ಟ್‌ಸನ್ ಎಂಬ ಸೇನಾ ವೈದ್ಯರು ‘ಓ’ ಗುಂಪಿನ ರಕ್ತವನ್ನು ಮೊದಲೇ ಸಂಗ್ರಹಿಸಿ, ಮದ್ದುಗುಂಡಿನ ಪೆಟ್ಟಿಗೆಗಳಲ್ಲಿ ಮಂಜುಗಡ್ಡೆಯೊಂದಿಗೆ ಇಟ್ಟು, ಕಾಂಬ್ರೆ ಕಾಳಗದ ಗಾಯಾಳುಗಳಿಗೆ ಕೊಟ್ಟರು. ಸ್ಪೇನಿನ ಅಂತರ್ಯುದ್ಧದಲ್ಲಿ ಬಾರ್ಸಿಲೋನಾದ ಫ್ರೆಡೆರಿಕ್ ಡುರಾನ್ ಶೀತಲ ವಾಹನಗಳಲ್ಲಿ ರಣರಂಗಕ್ಕೆ ರಕ್ತ ಕಳಿಸಿದರು. ಸೋತು ಲಂಡನ್ನಿಗೆ ಬಂದ ಅವರ ಅನುಭವ ಅಲ್ಲಿನ ವೈದ್ಯೆ ಜಾನೆಟ್ ವಾನ್ ಅವರಿಗೆ ನೆರವಾಯಿತು. 1939ರಲ್ಲಿ ವಾನ್ ಮತ್ತು ಸಂಗಡಿಗರು ಲಂಡನ್ನಿನ ಸುತ್ತ ಕಟ್ಟಿದ ರಕ್ತಸಂಗ್ರಹ ಕೇಂದ್ರಗಳಲ್ಲಿ ಬಳಸಿದ್ದು ಸ್ವಲ್ಪ ಮಾರ್ಪಡಿಸಿದ ಹಾಲಿನ ಬಾಟಲಿಗಳನ್ನು, ಸಾಗಿಸಲು ಬಳಸಿದ್ದು ಐಸ್‌ಕ್ರೀಂ ವ್ಯಾನುಗಳನ್ನು. ನಮ್ಮ ‘ಬಾಟಲಿ ರಕ್ತ’ ಈ ಗಾಜಿನ ಯುಗದ ಉಳಿಕೆ.

‘ಬ್ಯಾಂಕ್’ ಎಂಬ ಹೆಸರು ಕೊಟ್ಟವರು ಷಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯ ಬರ್ನಾರ್ಡ್ ಫಾಂಟಸ್, 1937ರ ಮಾರ್ಚಿನಲ್ಲಿ. ರಕ್ತವನ್ನು ಜಮೆ ಮಾಡು, ಬೇಕಾದಾಗ ತೆಗೆ, ತೆಗೆದಷ್ಟನ್ನು ತುಂಬು ಎಂಬ ಲೆಕ್ಕಾಚಾರ ಆ ಹೆಸರಿನಲ್ಲಿದೆ. ‘ಒಂದು ಯೂನಿಟ್ ಕೊಡುತ್ತೇವೆ, ನಿಮ್ಮ ಕಡೆಯಿಂದ ಒಬ್ಬರು ಕೊಡಲಿ’ ಎಂದು ನಮ್ಮಲ್ಲಿ ರೋಗಿಯ ಕಡೆಯವರನ್ನು ಕೇಳುವ ರೂಢಿ ಅದೇ ಲೆಕ್ಕಾಚಾರದ ಮುಂದುವರಿಕೆ. ಭಾರತದ ನಿಯಮಗಳು 2020ರಲ್ಲಿ ‘ಬ್ಲಡ್ ಬ್ಯಾಂಕ್’ ಎಂಬುದನ್ನು ತೆಗೆದು ‘ಬ್ಲಡ್ ಸೆಂಟರ್’ ಎಂದು ಬದಲಿಸಿದವು. ಕನ್ನಡದ ‘ರಕ್ತನಿಧಿ’ಗೆ ಸಾಲದ ವಾಸನೆ ಮೊದಲಿನಿಂದಲೂ ಇರಲಿಲ್ಲ.

ಎರಡನೆಯ ಮಹಾಯುದ್ಧದ ಹೊಸ ಪಾಠ ಪ್ಲಾಸ್ಮಾ. ಕಣಗಳನ್ನು ತೆಗೆದ ಹೊಂಬಣ್ಣದ ಈ ದ್ರವವನ್ನು ಒಣಗಿಸಿ ಪುಡಿಮಾಡಿ ಎಲ್ಲಿಗಾದರೂ ಸಾಗಿಸಬಹುದಿತ್ತು. ಬಾಂಬು ದಾಳಿಗೆ ಸಿಕ್ಕಿದ್ದ ಬ್ರಿಟನ್ನಿಗೆ ಅಮೆರಿಕದಿಂದ ಪ್ಲಾಸ್ಮಾ ಕಳಿಸುವ ಯೋಜನೆಯನ್ನು 1940ರಲ್ಲಿ ನಡೆಸಿದವರು ಚಾರ್ಲ್ಸ್ ಡ್ರೂ ಎಂಬ ಕರಿಯ ವೈದ್ಯರು. ಅದರ ಬೆನ್ನಿಗೇ ಅಮೆರಿಕದ ರೆಡ್‌ಕ್ರಾಸ್ ಕರಿಯರ ರಕ್ತವನ್ನು ಮೊದಲು ನಿರಾಕರಿಸಿತು, ಆಮೇಲೆ ಬೇರೆಯಾಗಿ ಗುರುತು ಹಾಕಿ ಇಡತೊಡಗಿತು. ಆ ಗುರುತು ಅಳಿದದ್ದು 1950ರಲ್ಲಿ. ಜನಾಂಗಕ್ಕೂ ರಕ್ತದ ಹೊಂದಿಕೆಗೂ ಸಂಬಂಧವಿಲ್ಲವೆಂದು ಡ್ರೂ ಬಹಿರಂಗವಾಗಿ ಹೇಳಿದ್ದರು. ಚೀಟಿಯ ಮೇಲೆ ಬರುವುದೆಲ್ಲ ವಿಜ್ಞಾನವೇ ಆಗಿರಬೇಕಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಅದೇ ಕಾಲಕ್ಕೆ ಇನ್ನೊಂದು ಸಾಲು ಸೇರಿತು. 1939ರಲ್ಲಿ ಫಿಲಿಪ್ ಲೆವಿನ್ ಮತ್ತು ರೂಫಸ್ ಸ್ಟೆಟ್ಸನ್, ಸತ್ತ ಮಗುವನ್ನು ಹೆತ್ತ ತಾಯಿಯೊಬ್ಬಳಿಗೆ ಗಂಡನ ರಕ್ತ ಕೊಟ್ಟಾಗ, ಗುಂಪು ಒಂದೇ ಆಗಿದ್ದರೂ ತೀವ್ರ ಪ್ರತಿಕ್ರಿಯೆಯಾದದ್ದನ್ನು ವರದಿ ಮಾಡಿದರು. ಗರ್ಭದಲ್ಲಿದ್ದ ಮಗು ತಂದೆಯಿಂದ ಪಡೆದ ಯಾವುದೋ ಅಂಶಕ್ಕೆ ತಾಯಿಯ ದೇಹ ಪ್ರತಿಕಾಯ ತಯಾರಿಸಿಕೊಂಡಿತ್ತು ಎಂಬ ಅವರ ಊಹೆ ಸರಿಯಾಗಿತ್ತು. ಮರುವರ್ಷ ಲ್ಯಾಂಡ್‌ಸ್ಟೈನರ್ ಮತ್ತು ಅಲೆಕ್ಸಾಂಡರ್ ವೀನರ್ ವಿವರಿಸಿದ ಆರ್‌ಎಚ್ ಅಂಶದಿಂದ ಒಗಟು ಬಿಡಿಸಿತು. ಕೆಂಪು ಕಣದ ಮೇಲೆ ಅದು ಇದ್ದವರು ಪಾಸಿಟಿವ್, ಇಲ್ಲದವರು ನೆಗೆಟಿವ್. ಆರ್‌ಎಚ್ ನೆಗೆಟಿವ್ ತಾಯಿಗೆ ಪಾಸಿಟಿವ್ ಮಗು ಹುಟ್ಟಿದಾಗ ತಾಯಿಯಲ್ಲಿ ಇಂಥ ಪ್ರತಿಕಾಯ ಹುಟ್ಟದಂತೆ ಮೂರು ದಿನದೊಳಗೆ ಕೊಡುವ ‘ಆಂಟಿ-ಡಿ’ ಚುಚ್ಚುಮದ್ದು 1960ರ ದಶಕದ ಕೊನೆಗೆ ಬಂತು. ಎಷ್ಟೋ ಮನೆಗಳಲ್ಲಿ ಎರಡನೆಯ ಮಗು ಉಳಿದದ್ದು ಅದರಿಂದ.

ಗಾಜಿನ ಬಾಟಲಿ ತೊಲಗಿದ್ದಕ್ಕೆ ಕಾರಣ ಒಡೆಯುತ್ತದೆ ಎಂಬುದಷ್ಟೇ ಅಲ್ಲ. ತೊಳೆದು ಮತ್ತೆ ಬಳಸುತ್ತಿದ್ದ ಬಾಟಲಿ ಮತ್ತು ರಬ್ಬರ್ ನಳಿಕೆಗಳಲ್ಲಿ ಉಳಿದ ಕೊಳೆ ರೋಗಿಗಳಿಗೆ ಚಳಿಜ್ವರ ತರುತ್ತಿತ್ತು, ಒಳಗೆ ಸಿಕ್ಕ ಗಾಳಿ ರಕ್ತನಾಳಕ್ಕೆ ನುಗ್ಗುವ ಅಪಾಯವಿತ್ತು. 1950ರ ಸುಮಾರಿಗೆ ಕಾರ್ಲ್ ವಾಲ್ಟರ್ ರೂಪಿಸಿದ ಪ್ಲಾಸ್ಟಿಕ್ ಚೀಲ ಇದನ್ನೆಲ್ಲ ತಪ್ಪಿಸಿದ್ದಲ್ಲದೆ ಯಾರೂ ನಿರೀಕ್ಷಿಸದ ಉಪಕಾರ ಮಾಡಿತು. ಒಂದಕ್ಕೊಂದು ನಳಿಕೆಯಿಂದ ಸೇರಿದ ಮೂರು ನಾಲ್ಕು ಚೀಲಗಳನ್ನು ವೇಗವಾಗಿ ತಿರುಗಿಸಿದರೆ ಭಾರದ ಕೆಂಪು ಕಣ ಕೆಳಗಿಳಿಯುತ್ತದೆ, ಪ್ಲಾಸ್ಮಾ ಮೇಲೇರುತ್ತದೆ. ಹೊರಗಿನ ಗಾಳಿ ಸೋಕದೆ ಹಿಂಡಿ ಬೇರೆಬೇರೆ ಚೀಲಗಳಿಗೆ ಸಾಗಿಸಬಹುದು. ಒಬ್ಬರು ಕೊಟ್ಟ 350 ಮಿಲಿಲೀಟರಿನಲ್ಲಿ ಕೆಂಪು ಕಣ ರಕ್ತಹೀನತೆಯವರಿಗೆ, ಪ್ಲಾಸ್ಮಾ ಸುಟ್ಟಗಾಯದವರಿಗೆ, ಹೆಪ್ಪುಗಟ್ಟಲು ನೆರವಾಗುವ ಕಿರುಕಣಗಳಾದ ಪ್ಲೇಟ್‌ಲೆಟ್, ಕ್ಯಾನ್ಸರ್ ರೋಗಿಗೆ ಹೋಗುತ್ತದೆ. ಪ್ಲೇಟ್‌ಲೆಟ್ಟನ್ನು ತಂಪಿನಲ್ಲಿಡುವಂತಿಲ್ಲ, 20ರಿಂದ 24 ಡಿಗ್ರಿಯಲ್ಲಿ ಸತತವಾಗಿ ಅಲುಗಾಡಿಸುತ್ತ ಇಟ್ಟರೂ ಅದರ ಆಯುಸ್ಸು ಐದೇ ದಿನ. ಮಳೆಗಾಲದಲ್ಲಿ ಡೆಂಗಿ ಹೆಚ್ಚಿದಾಗ ಪ್ಲೇಟ್‌ಲೆಟ್ಟಿಗಾಗಿ ಹಾಹಾಕಾರವೇಳುವುದು ಇದರಿಂದ.

ಚೀಟಿಯ ಕೊನೆಯ ಸಾಲುಗಳು ತೀರ ಕಹಿಯಾದ ಅನುಭವದಿಂದ ಬಂದವು. ಸಾವಿರಾರು ಜನರ ಪ್ಲಾಸ್ಮಾ ಒಟ್ಟುಗೂಡಿಸಿ ಔಷಧಿ ಮಾಡುವಾಗ ಅದರಲ್ಲಿ ಒಬ್ಬರಿಗೆ ಸೋಂಕಿದ್ದರೂ ಸಾಕು, ಎಲ್ಲ ಸೀಸೆಗಳಿಗೂ ಅದು ಹರಡುತ್ತದೆ. ಕಾಮಾಲೆ ಹೀಗೆ ಹರಡುತ್ತಿದ್ದುದು ಯುದ್ಧಕಾಲದಲ್ಲೇ ಗೊತ್ತಾಗಿತ್ತು. 1980ರ ದಶಕದ ಮೊದಲಲ್ಲಿ ಎಚ್‌ಐವಿ ಬಂದಾಗ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾರಣ ಹೆಪ್ಪುಗಟ್ಟಿಸುವ ಅಂಶವನ್ನು ಆಗಾಗ ಚುಚ್ಚಿಸಿಕೊಳ್ಳಬೇಕಾದ ಕುಸುಮರೋಗಿಗಳು (ಹಿಮೋಫಿಲಿಯಾ ಇರುವವರು) ಎಷ್ಟೋ ದೇಶಗಳಲ್ಲಿ ಗುಂಪುಗುಂಪಾಗಿ ಬಲಿಯಾದರು. ಬ್ರಿಟನ್ನಿನಲ್ಲಿ ಈ ಕುರಿತ ಸಾರ್ವಜನಿಕ ವಿಚಾರಣೆಯ ವರದಿ ಹೊರಬಿದ್ದದ್ದು 2024ರ ಮೇ ತಿಂಗಳಿನಲ್ಲಿ.

ಭಾರತದಲ್ಲಿ ಕೊಲ್ಕತ್ತಾದಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೇ ರಕ್ತನಿಧಿ ಆರಂಭವಾಗಿತ್ತಾದರೂ, ಬಹಳ ವರ್ಷ ರಕ್ತದ ದೊಡ್ಡ ಪಾಲು ಬರುತ್ತಿದ್ದದ್ದು ಹಣಕ್ಕಾಗಿ ಮಾರುವವರಿಂದ. ಹಸಿವಿಗಾಗಿ ವಾರವಾರವೂ ತೋಳು ಚಾಚುವವನ ರಕ್ತದಲ್ಲಿ ಕಣಗಳೂ ಕಡಿಮೆ. ಕಾಯಿಲೆಯಿದ್ದರೆ ಅವನು ಅದನ್ನು ಬಾಯಿಬಿಟ್ಟು ಹೇಳುವಂತೆಯೂ ಇಲ್ಲ. ಅವನನ್ನು ದೂರುವುದರಲ್ಲಿ ನ್ಯಾಯವಿಲ್ಲ, ಆದರೆ ಅವನ ಬಡತನವನ್ನು ನೆಚ್ಚಿಕೊಂಡ ವ್ಯವಸ್ಥೆ ಸುರಕ್ಷಿತವಾಗಿರಲು ಸಾಧ್ಯವಿರಲಿಲ್ಲ. 1989ರಲ್ಲಿ ಎಚ್‌ಐವಿ ಪರೀಕ್ಷೆ ಕಡ್ಡಾಯವಾಯಿತು. ಕಾಮನ್ ಕಾಸ್ ಸಂಸ್ಥೆ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರ ಜನವರಿಯಲ್ಲಿ ನೀಡಿದ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ರಕ್ತ ಮಾರಾಟ ನಿಷೇಧವಾಯಿತು. ಇಂದು ಪ್ರತಿಯೊಂದು ಚೀಲವೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳನ್ನು ದಾಟಿ ಬರಬೇಕು.

ಇಷ್ಟೆಲ್ಲ ದಾಟಿ ಬಂದ ರಕ್ತವನ್ನು ವೈದ್ಯರು ಈಗ ಮೊದಲಿಗಿಂತ ಕೈಬಿಗಿಹಿಡಿದು ಬಳಸುತ್ತಾರೆ. ಹಿಮೋಗ್ಲೋಬಿನ್ 10ಕ್ಕಿಂತ ಕೆಳಗಿಳಿದರೆ ರಕ್ತ ಕೊಡುವುದು ಹಿಂದಿನ ವಾಡಿಕೆ. 1999ರಲ್ಲಿ ಪ್ರಕಟವಾದ ಕೆನಡಾದ ದೊಡ್ಡ ಅಧ್ಯಯನವೊಂದು, ತೀವ್ರನಿಗಾ ಘಟಕದ ಬಹುಪಾಲು ರೋಗಿಗಳಲ್ಲಿ 7ರವರೆಗೆ ಕಾದರೂ ಕೆಡುಕಾಗುವುದಿಲ್ಲವೆಂದು ತೋರಿಸಿತು. ‘ಶಕ್ತಿಗೆ ಒಂದು ಬಾಟಲಿ ಹಾಕಿಬಿಡಿ ಡಾಕ್ಟ್ರೇ’ ಎಂಬ ಬೇಡಿಕೆಗೆ ಒಳ್ಳೆಯ ವೈದ್ಯರು ಒಪ್ಪದಿರುವುದು ಜಿಪುಣತನದಿಂದಲ್ಲ.

ಹಾಗಿದ್ದೂ ಹೊಂದದ ರಕ್ತ ರೋಗಿಗೆ ಸೇರುವ ಅವಘಡ ಪೂರ್ತಿ ನಿಂತಿಲ್ಲ. ಈಗ ಅದಕ್ಕೆ ಮುಖ್ಯ ಕಾರಣ ಅಜ್ಞಾನವಲ್ಲ, ಹೆಸರಿನ ಗೊಂದಲ. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮಂದಿರಿದ್ದು ಸ್ಯಾಂಪಲ್ಲಿನ ನಳಿಕೆಯೋ ಚೀಲವೋ ಅದಲುಬದಲಾದರೆ ಇಷ್ಟು ವರ್ಷಗಳ ವಿಜ್ಞಾನವೆಲ್ಲ ಪಕ್ಕಕ್ಕೆ ಸರಿಯುತ್ತದೆ. ಅದಕ್ಕೇ ಚೀಲ ಹಾಸಿಗೆಯ ಪಕ್ಕಕ್ಕೆ ಬಂದ ಮೇಲೆ ಇಬ್ಬರು ಸಿಬ್ಬಂದಿ ನಿಂತು, ರೋಗಿಯಿಂದಲೇ ಹೆಸರು ಹೇಳಿಸಿ, ಕೈಪಟ್ಟಿಯ ಸಂಖ್ಯೆಯನ್ನೂ ಚೀಟಿಯ ಸಾಲುಗಳನ್ನೂ ಒಬ್ಬರು ಓದಿ ಇನ್ನೊಬ್ಬರು ತಾಳೆ ನೋಡುತ್ತಾರೆ. ಆಮೇಲೆ ಹನಿಗಳನ್ನು ನಿಧಾನವಾಗಿ ಬಿಟ್ಟು, ಮೊದಲ ಹದಿನೈದು ನಿಮಿಷ ನರ್ಸ್ ಅಲ್ಲೇ ಇರುತ್ತಾರೆ. ನಾಡಿ ಓಡುತ್ತಿದೆಯೇ, ಮೈ ಬೆವರುತ್ತಿದೆಯೇ, ರಕ್ತ ಹೋಗುತ್ತಿರುವ ತೋಳು ಉರಿಯುತ್ತಿದೆಯೇ, ಸೊಂಟದಲ್ಲಿ ನೋವಿದೆಯೇ ಎಂದು ವಿಚಾರಿಸುತ್ತಾರೆ. ಸಂದೇಹ ಬಂದರೆ ತಕ್ಷಣ ರಕ್ತ ನಿಲ್ಲಿಸಿ, ಮೂತ್ರದ ಬಣ್ಣ ನೋಡುತ್ತಾರೆ. ಅವರು ಹುಡುಕುತ್ತಿರುವ ಲಕ್ಷಣಗಳ ಪಟ್ಟಿ 1667ರ ಚಳಿಗಾಲದಲ್ಲಿ ಡೆನಿ ಬರೆದಿಟ್ಟದ್ದೇ.